ವಾ ಪೆಡಲ್‌ಗೆ ಬರಿಗಾಲೇ ಸ್ವಿಚ್

ನಮ್ಮ ನಂದಗಡ, ಖಾನಾಪುರ ಕಡೆ ಗಣೇಶನ ಮಂಟಪದ ಮುಂದೆ ವಾದ್ಯ ನುಡಿಸುವವರು ಚಪ್ಪಲಿ ಕಳಚಿಟ್ಟೇ ವೇದಿಕೆ ಹತ್ತುತ್ತಾರೆ. ಹಾರ್ಮೋನಿಯಂ, ತಬಲಾದವರಿಗೆ ಇದರಿಂದ ಏನೂ ತೊಂದರೆಯಿಲ್ಲ. ಗಿಟಾರ್ ಹಿಡಿದು, ಅದರ ನಾದವನ್ನು ಕಾಲಿನಿಂದ ‘ಊ–ಆ’ ಎಂದು ಜಾರಿಸುವ ವಾ ಪೆಡಲ್ ಮುಂದೆ ನಿಂತವನಿಗೆ ಮಾತ್ರ ತೊಂದರೆ ಇದೆ. ಆ ಪೆಡಲ್ ಬೂಟುಗಾಲಿಗೆಂದು ಮಾಡಿದ್ದು. ಕಾಲಿಡುವ ಹಲಗೆಯನ್ನು ಪೂರ್ತಿ ಮುಂದಕ್ಕೆ ಒತ್ತಿ, ಅದರ ತುದಿಯ ಕೆಳಗಿರುವ ಬಿಗಿಯಾದ ಸ್ವಿಚ್ ‘ಟಕ್’ ಎನ್ನುವಂತೆ ಮೆಟ್ಟಿದರೆ ಮಾತ್ರ ಅದು ಶುರುವಾಗುತ್ತದೆ. ಬರಿಗಾಲಿನ ಬೆರಳುಗಳಿಗೆ ಅಷ್ಟು ಬಲ ಇರುವುದಿಲ್ಲ. ಮೆಟ್ಟಿದೆ ಅಂದುಕೊಂಡಿರುತ್ತೀರಿ, ಸ್ವಿಚ್ ಬಿದ್ದಿರುವುದಿಲ್ಲ, ಅಷ್ಟರಲ್ಲಿ ಸೋಲೊ ಅರ್ಧ ಮುಗಿದಿರುತ್ತದೆ.

ಇದಕ್ಕೆ ಪರಿಹಾರ ಸ್ವಿಚ್ಚನ್ನೇ ತೆಗೆದುಬಿಡುವುದು. ಕಾಲಿಟ್ಟು ಒತ್ತಿದರೆ ವಾ ಬರಬೇಕು, ಕಾಲು ತೆಗೆದರೆ ಹೋಗಬೇಕು. ಇದರಲ್ಲಿ ಅನುಕೂಲವಂತೂ ಇದೆ. ಆದರೆ ನಾನು ಇದನ್ನು ಇಷ್ಟಪಡುವುದು ನಾದದ ಕಾರಣಕ್ಕೆ. ಸ್ವಿಚ್ ಇರುವ ಪೆಡಲ್‌ನಲ್ಲಿ ಆನ್ ಆಗುವ ಜಾಗವೇ ಧ್ವನಿ ಅತ್ಯಂತ ಚೂಪಾಗಿರುವ ಜಾಗ. ಹೊರಗೆ ಬರಬೇಕಾದರೂ ಮತ್ತೆ ಅಲ್ಲಿಗೇ ಹೋಗಬೇಕು. ಹಾಡುಗಾರನಿಗೆ ಪ್ರತಿ ಸಾಲನ್ನೂ ತಾರಸ್ಥಾಯಿಯಲ್ಲೇ ಎತ್ತಿಕೊಂಡು ತಾರಸ್ಥಾಯಿಯಲ್ಲೇ ಬಿಡಬೇಕೆಂದು ಕಟ್ಟಳೆ ಹಾಕಿದ ಹಾಗೆ ಇದು. ಸ್ವಿಚ್ ಹೋದರೆ ನಾದ ತಗ್ಗಿನಿಂದ ಎದ್ದು ಬರುತ್ತದೆ. ಮುಚ್ಚಿದ ‘ಊ’ದಿಂದ ತೆರೆದ ‘ಆ’ಕ್ಕೆ ಹೋಗಿ, ಮತ್ತೆ ‘ಊ’ಗೆ ಇಳಿದು ತಾನಾಗಿ ಮರೆಯಾಗುತ್ತದೆ.

ಒಳಗೆ ನಡೆಯುವ ಕೆಲಸ ಗೊತ್ತಿದ್ದರೆ ಕೈಹಾಕಲು ಧೈರ್ಯ ಬರುತ್ತದೆ. ಕ್ರೈ ಬೇಬಿ ಮಾದರಿಯ ವಾ ಪೆಡಲ್‌ನಲ್ಲಿ ಎರಡು ಟ್ರಾನ್ಸಿಸ್ಟರ್, ಸುಮಾರು 500 ಮಿಲಿಹೆನ್ರಿಯ ಒಂದು ಇಂಡಕ್ಟರ್, 0.01 ಮೈಕ್ರೊಫ್ಯಾರಡ್‌ನ ಒಂದು ಕೆಪಾಸಿಟರ್, 100 ಕಿಲೊಓಮ್‌ನ ಒಂದು ಪಾಟ್ (ಪೊಟೆನ್ಶಿಯೋಮೀಟರ್) ಇರುತ್ತವೆ. ಇಂಡಕ್ಟರ್ ಮತ್ತು ಕೆಪಾಸಿಟರ್ ಸೇರಿ ಒಂದು ಕಂಪನಾಂಕವನ್ನು ಮಾತ್ರ ಎತ್ತಿ ಹಿಡಿಯುತ್ತವೆ. ಈ ಬೆಲೆಗಳಿಗೆ ಲೆಕ್ಕ ಹಾಕಿದರೆ ಅದು 2250 ಹರ್ಟ್ಜ್ ಹತ್ತಿರ ಬರುತ್ತದೆ. ಅದೇ ಪೆಡಲ್‌ನ ಮೇಲಿನ ತುದಿ. ಹಿಮ್ಮಡಿ ಕಡೆ ವಾಲಿಸಿದಾಗ ಪಾಟ್ ತಿರುಗಿ, ಎರಡನೆಯ ಟ್ರಾನ್ಸಿಸ್ಟರ್ ಆ ಪುಟ್ಟ ಕೆಪಾಸಿಟರನ್ನು ಇಪ್ಪತ್ತಕ್ಕೂ ಹೆಚ್ಚು ಪಟ್ಟು ದೊಡ್ಡದಾಗಿ ಕಾಣುವಂತೆ ಮಾಡುತ್ತದೆ. ಆಗ ಎತ್ತಿ ಹಿಡಿದ ಜಾಗ 400–450 ಹರ್ಟ್ಜ್‌ವರೆಗೆ ಜಾರುತ್ತದೆ. ನಾವು ಸ್ವರಾಕ್ಷರ ಹೇಳುವಾಗ ಬಾಯೊಳಗೆ ಅನುರಣನ ಜಾರುವುದೂ ಹೆಚ್ಚುಕಡಿಮೆ ಈ ಹರವಿನಲ್ಲೇ. ವಾ ನಮಗೆ ಮನುಷ್ಯರ ಕಂಠದಂತೆ ಕೇಳಿಸುವುದು ಅದಕ್ಕೇ.

ಈ ಪೆಡಲ್ ಹುಟ್ಟಿದ್ದೂ ಒಂದು ಸ್ವಿಚ್ ತೆಗೆದಾಗಲೇ. 1966ರಲ್ಲಿ ಅಮೆರಿಕದ ಥಾಮಸ್ ಆರ್ಗನ್ ಕಂಪನಿಯಲ್ಲಿ ಬ್ರಾಡ್ ಪ್ಲಂಕೆಟ್ ಎಂಬ ಯುವ ಎಂಜಿನಿಯರ್‌ಗೆ ವಾಕ್ಸ್ ಆಂಪ್ಲಿಫಯರ್‌ನ ದುಬಾರಿ ಸ್ವಿಚ್ ಬದಲು ಅಗ್ಗದ ಪಾಟ್ ಹಾಕುವ ಕೆಲಸ ಸಿಕ್ಕಿತ್ತು. ಮೆಟ್ಟಿಲು ಮೆಟ್ಟಿಲಾಗಿ ಬದಲಾಗುತ್ತಿದ್ದ ಧ್ವನಿ ಆಗ ಜಾರತೊಡಗಿತು. ಅದನ್ನೇ ಒಂದು ಆರ್ಗನ್‌ನ ವಾಲ್ಯೂಮ್ ಪೆಡಲ್‌ನೊಳಗೆ ಕೂರಿಸಿದರು. 1967ರಲ್ಲಿ ಎರಿಕ್ ಕ್ಲಾಪ್ಟನ್, 1968ರಲ್ಲಿ ಜಿಮಿ ಹೆಂಡ್ರಿಕ್ಸ್, 1971ರಲ್ಲಿ ‘ಶಾಫ್ಟ್’ ಚಿತ್ರದ ಶೀರ್ಷಿಕೆ ಸಂಗೀತದಲ್ಲಿ ಚಾರ್ಲ್ಸ್ ಪಿಟ್ಸ್ ಅದನ್ನು ಲೋಕಕ್ಕೆಲ್ಲ ಕೇಳಿಸಿದರು. ಕಾಲಿನಿಂದ ನಾದ ನಡೆಸುವುದು ಬೆಳಗಾವಿ ಸೀಮೆಗೂ ಹೊಸತಲ್ಲ. ಏಣಗಿ ಬಾಳಪ್ಪನವರಂಥ ರಂಗಗಾಯಕರ ಕಾಲದ ಕಂಪನಿ ನಾಟಕಗಳಲ್ಲಿ ಲೆಗ್ ಹಾರ್ಮೋನಿಯಂ ನುಡಿಸುವವರು ಗಾಳಿಯ ಒತ್ತಡವನ್ನು ಪಾದದಲ್ಲೇ ಅಳೆಯುತ್ತಿದ್ದರು.

ಈಗ ಕೆಲಸಕ್ಕೆ ಬರೋಣ. ಮೊದಲು ಬೇಕಾದ್ದು ಸ್ಪ್ರಿಂಗ್. ಹಳೆಯ ಸ್ವಿಚ್ ಬಿಚ್ಚಿದಾಗ ಬೆರಳ ಕಡೆ ಒಂದು ದುಂಡು ತೂತು ಉಳಿಯುತ್ತದೆ. ಸ್ಪ್ರಿಂಗ್ ಕೂರಲು ಅದೇ ತಕ್ಕ ಜಾಗ. ತೂತಿಗೆ ನೈಲಾನ್ ಬೋಲ್ಟ್ ಹಾಕಿ, ಅದರ ಸುತ್ತ ಸ್ಪ್ರಿಂಗ್ ನಿಲ್ಲಿಸಬೇಕು. ಬಾಲ್‌ಪೆನ್ನಿನ ಸ್ಪ್ರಿಂಗ್ ಸಾಲದು, ಬೈಕಿನ ಕ್ಲಚ್ ಸ್ಪ್ರಿಂಗ್ ಕಾಲನ್ನೇ ಎತ್ತಿ ಒಗೆಯುತ್ತದೆ. 1 ಮಿ.ಮೀ. ಸ್ಟೀಲ್ ತಂತಿಯಲ್ಲಿ, 12 ಮಿ.ಮೀ. ಅಗಲಕ್ಕೆ, ಎಂಟು ಸುತ್ತು ಇರುವ ಸ್ಪ್ರಿಂಗ್ ಸರಿಹೋಗುತ್ತದೆ. ಪೂರ್ತಿ ಒತ್ತಿದಾಗ ಅದು ಸುಮಾರು ಒಂದೂವರೆ ಕಿಲೊ ತೂಕದಷ್ಟು ಎದುರೊತ್ತು ಕೊಡುತ್ತದೆ. ಬರಿಗಾಲಿಗೆ ಇದು ಹಿತ. ಬೆಳಗಾವಿಯ ಉದ್ಯಮಬಾಗದಂಥ ಕಡೆ ಯಂತ್ರದ ಬಿಡಿಭಾಗ ಮಾಡುವವರಿಗೆ ಈ ಅಳತೆ ಬರೆದುಕೊಟ್ಟರೆ ಸಾಕು. ಆಮೇಲೆ ಹಲಗೆಯ ಕೀಲಿನ ನಟ್ಟನ್ನು ಸ್ವಲ್ಪ ಸಡಿಲಿಸಿ. ಇಲ್ಲವಾದರೆ ಸ್ಪ್ರಿಂಗ್ ಎಷ್ಟು ಚೆನ್ನಾಗಿದ್ದರೂ ಹಲಗೆ ನಡುವೆಯೇ ನಿಂತುಬಿಡುತ್ತದೆ.

ಎರಡನೆಯದು, ಕಾಲು ಬಂತೋ ಹೋಯಿತೋ ಎಂದು ತಿಳಿಯುವ ಉಪಾಯ. ಸಣ್ಣ ಮೈಕ್ರೊಸ್ವಿಚ್ ಹಾಕುವವರಿದ್ದಾರೆ. ನಾನು ಹೇಳುವುದು ಅಯಸ್ಕಾಂತ ಹತ್ತಿರ ಬಂದಾಗ ಕೂಡಿಕೊಳ್ಳುವ ರೀಡ್ ಸ್ವಿಚ್. ಅದು ಗಾಜಿನ ಕೊಳವೆಯೊಳಗೆ ಮುಚ್ಚಿಕೊಂಡಿರುತ್ತದೆ, ಆದ್ದರಿಂದ ಖಾನಾಪುರದ ಮಳೆಗಾಲದ ತೇವ ಅದರ ಕಾಂಟ್ಯಾಕ್ಟ್ ಮುಟ್ಟುವುದಿಲ್ಲ. ಹಲಗೆಯ ಹಿಮ್ಮಡಿ ಭಾಗದ ಅಡಿಗೆ ಪುಟ್ಟ ಅಯಸ್ಕಾಂತ ಅಂಟಿಸಿ, ಪೆಟ್ಟಿಗೆಯ ಒಳಗೋಡೆಗೆ ರೀಡ್ ಸ್ವಿಚ್ ಅಂಟಿಸಿ. ಪೆಟ್ಟಿಗೆ ಅಯಸ್ಕಾಂತಕ್ಕೆ ಅಂಟದ ಲೋಹದ್ದಾದರೆ ಗೋಡೆಗೆ ತೂತು ಕೊರೆಯಬೇಕಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ಅಯಸ್ಕಾಂತ ಇಂಡಕ್ಟರ್‌ನಿಂದ ದೂರವಿರಲಿ. ಹತ್ತಿರ ಬಂದರೆ ಇಂಡಕ್ಟರ್‌ನ ಬೆಲೆಯೇ ಬದಲಾಗಿ ವಾ ತನ್ನ ಗುಣ ಕಳೆದುಕೊಳ್ಳುತ್ತದೆ.

ಮೂರನೆಯದು ತಡ. ಕೆಲಸದ ಜೀವ ಇರುವುದು ಇಲ್ಲೇ. ‘ಶಾಫ್ಟ್’ ಥರ ಲಯಕ್ಕೆ ತಕ್ಕಂತೆ ಪೆಡಲ್ ಆಡಿಸುವಾಗ ಹಿಮ್ಮಡಿ ಪ್ರತಿ ಮಾತ್ರೆಗೂ ಕೆಳಗೆ ತಾಗುತ್ತದೆ. ತಾಗಿದ ಕ್ಷಣವೇ ವಾ ಆಫ್ ಆದರೆ ನಾದ ಚೂರು ಚೂರಾಗುತ್ತದೆ. ಅದಕ್ಕೇ ಆನ್ ಆಗುವುದು ತಕ್ಷಣ ಆಗಬೇಕು, ಆಫ್ ಆಗುವುದು ನಿಧಾನವಾಗಿ ಆಗಬೇಕು. 9 ವೋಲ್ಟ್‌ನಿಂದ 10 ಕಿಲೊಓಮ್ ರೆಸಿಸ್ಟರ್ ಮೂಲಕ ಬಂದ ತಂತಿಯನ್ನು ರೀಡ್ ಸ್ವಿಚ್ ನೆಲಕ್ಕೆ, ಅಂದರೆ ಗ್ರೌಂಡ್‌ಗೆ ಎಳೆಯಲಿ. ಅದೇ ಜಾಗದಿಂದ ಒಂದು ಡಯೋಡ್ ಹಾಯ್ದು 0.47 ಮೈಕ್ರೊಫ್ಯಾರಡ್ ಕೆಪಾಸಿಟರ್ ತುಂಬಲಿ. ಆ ಕೆಪಾಸಿಟರ್‌ಗೆ ಅಡ್ಡಲಾಗಿ 1 ಮೆಗಾಓಮ್ ರೆಸಿಸ್ಟರ್ ಇರಲಿ, ಅದರ ಮೇಲಿನ ತುದಿ 2ಎನ್7000 ಮಾಸ್‌ಫೆಟ್‌ನ ಗೇಟಿಗೆ ಹೋಗಲಿ. ಮಾಸ್‌ಫೆಟ್ 9 ವೋಲ್ಟ್‌ನ ಒಂದು ಡಬಲ್ ಪೋಲ್ ರಿಲೇ ನಡೆಸುತ್ತದೆ. ತೆಗೆದ ಸ್ವಿಚ್ಚಿನ ಕೆಲಸವನ್ನು ಇನ್ನು ಆ ರಿಲೇ ಮಾಡುತ್ತದೆ. ಕಾಲು ಒತ್ತಿದಾಗ ಹಿಮ್ಮಡಿ ಭಾಗ ಎದ್ದು, ಅಯಸ್ಕಾಂತ ದೂರವಾಗಿ ರೀಡ್ ಸ್ವಿಚ್ ಬಿಡಿಸಿಕೊಳ್ಳುತ್ತದೆ, ಕೆಪಾಸಿಟರ್ ಕಣ್ಣು ಮಿಟುಕಿಸುವುದರೊಳಗೆ ತುಂಬುತ್ತದೆ. ಕಾಲು ತೆಗೆದಾಗ ಡಯೋಡ್ ದಾರಿ ಮುಚ್ಚುವುದರಿಂದ 1 ಮೆಗಾಓಮ್ ಮೂಲಕ ಮಾತ್ರ ಖಾಲಿಯಾಗಬೇಕು. ಗೇಟಿನ ವೋಲ್ಟೇಜ್ 9ರಿಂದ 2ರ ಸುಮಾರಿಗೆ ಇಳಿಯಲು ಮುಕ್ಕಾಲು ಸೆಕೆಂಡ್‌ಗಿಂತ ತುಸು ಕಡಿಮೆ ಹಿಡಿಯುತ್ತದೆ. ವೇಗದ ಹಾಡು ಹೆಚ್ಚು ನುಡಿಸುವವರು 0.22 ಹಾಕಿ ತಡವನ್ನು ಅರ್ಧಕ್ಕೆ ಇಳಿಸಬಹುದು.

ರಿಲೇ ಕಾಯಿಲ್‌ಗೆ ಅಡ್ಡಲಾಗಿ ಉಲ್ಟಾ ಡಯೋಡ್ ಹಾಕುವುದನ್ನು ಮರೆಯಬೇಡಿ. ವಾ ಸರ್ಕ್ಯೂಟ್‌ನ ಇನ್‌ಪುಟ್ ಮತ್ತು ಔಟ್‌ಪುಟ್‌ಗೆ ತಲಾ 1 ಮೆಗಾಓಮ್ ನೆಲಕ್ಕೆ ಕೊಟ್ಟರೆ ಆನ್ ಆಗುವಾಗಿನ ‘ಠಪ್’ ಶಬ್ದ ತಗ್ಗುತ್ತದೆ. ವಾ ಸರ್ಕ್ಯೂಟ್ ಒಂದು ಮಿಲಿಆಂಪಿಯರ್ ಆಸುಪಾಸಿನಲ್ಲಿ ಬದುಕುತ್ತದೆ. ರಿಲೇ ಅದಕ್ಕಿಂತ ಎಷ್ಟೋ ಪಟ್ಟು ತಿನ್ನುತ್ತದೆ. ಆದ್ದರಿಂದ ಬ್ಯಾಟರಿ ಬಿಟ್ಟು ಅಡಾಪ್ಟರ್ ಬಳಸಿ. ಬರಿಗಾಲು, ಒದ್ದೆ ಹಲಗೆ, ಲೋಹದ ಪೆಡಲ್ ಒಂದೆಡೆ ಸೇರಿದಾಗ ಆಂಪ್ಲಿಫಯರ್‌ಗೆ ಸರಿಯಾದ ಅರ್ಥಿಂಗ್ ಇರಲೇಬೇಕು. ಮಂಟಪದ ವೈರಿಂಗ್ ಮಾಡಿದವರನ್ನು ಕರೆದು ಪರೀಕ್ಷಿಸದೆ ಕಾಲಿಡಬೇಡಿ.

ಇದೇ ಸೌಕರ್ಯ ಅಂಗಡಿಯಲ್ಲೂ ಸಿಗುತ್ತದೆ. ಮಾರ್ಲಿ ಕಂಪನಿಯ ಬ್ಯಾಡ್ ಹಾರ್ಸಿ, ಡನ್‌ಲಪ್‌ನ 95ಕ್ಯೂ ಎರಡೂ ಕಾಲಿಟ್ಟರೆ ಶುರುವಾಗುವಂಥವೇ. ಆದರೆ ಕೈಯಲ್ಲಿರುವ ಹಳೆಯ ಕ್ರೈ ಬೇಬಿಯ ಧ್ವನಿ ನಿಮಗೆ ಒಗ್ಗಿದ್ದರೆ ಅದನ್ನು ಬಿಡುವ ಕಾರಣವೇ ಇಲ್ಲ. ಗಿಟಾರ್ ವಾದಕ ಮೈಕೆಲ್ ಶೆಂಕರ್ ಹಾಗೆ ಪೆಡಲನ್ನು ನಡುವೆ ನಿಲ್ಲಿಸಿ ಇಡೀ ಸೋಲೊ ಒಂದೇ ಬಣ್ಣದಲ್ಲಿ ನುಡಿಸುವವರಿಗೆ ಮಾತ್ರ ಈ ಬದಲಾವಣೆ ಒಗ್ಗದು. ಸ್ಪ್ರಿಂಗ್ ಹಲಗೆಯನ್ನು ನಿಲ್ಲಗೊಡುವುದಿಲ್ಲ. ಅಂಥವರು ಮೂಲ ಸ್ವಿಚ್ಚನ್ನೇ ಇಟ್ಟುಕೊಳ್ಳಲಿ.

ಬೆಸುಗೆ ಮುಗಿದ ಮೊದಲ ವಾರ ಹೊಸ ಹಾಡು ಕಲಿಯಬೇಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ನಿಧಾನದ ಹಾಡು ಹಿಡಿದು, ಪ್ರತಿ ಸಾಲಿನ ಕೊನೆಯಲ್ಲಿ ಕಾಲು ಎತ್ತುವುದನ್ನಷ್ಟೇ ಅಭ್ಯಾಸ ಮಾಡಿ. ಸ್ವಿಚ್ ಇದ್ದಾಗ ವಾದಿಂದ ಹೊರಬರುವುದು ಒಂದು ಯಾಂತ್ರಿಕ ಕೆಲಸವಾಗಿತ್ತು. ಈಗ ಅದೂ ನುಡಿಸುವುದರ ಭಾಗ. ಸಾಲು ಎಲ್ಲಿ ಮುಗಿಯಬೇಕು, ಎಷ್ಟು ಮೆತ್ತಗೆ ಮುಗಿಯಬೇಕು ಎಂಬುದನ್ನು ಇನ್ನು ನಿಮ್ಮ ಪಾದವೇ ತೀರ್ಮಾನಿಸುತ್ತದೆ. ಕೈಬೆರಳುಗಳಿಗೆ ಕೊಟ್ಟಷ್ಟೇ ತಾಲೀಮು ಅದಕ್ಕೂ ಸಲ್ಲಬೇಕು.