ಒಂದು ಹೊಳೆ ಸಾಕು

ಬೆಟ್ಟ, ಕಡಲು ಸುತ್ತಿ ಬಂದು ಬರೆಯಬೇಕೆನ್ನುವವರು ಈಗ ಬೆಂಗಳೂರಿನ ಮರ್ಫಿ ಟೌನಿನ ಓಣಿಗೊಬ್ಬರು ಸಿಗುತ್ತಾರೆ. ಪಟ್ಟಿ ಮಾತ್ರ ಉದ್ದ: ಮುಳ್ಳಯ್ಯನಗಿರಿ, ಕೊಡಚಾದ್ರಿ, ಗೋಕರ್ಣ, ಮುರ್ಡೇಶ್ವರ. ಎರಡು ದಿನದ ರಜೆಯಲ್ಲಿ ನಾಲ್ಕು ಊರು ಮುಗಿಸಿದವರ ಬರಹದಲ್ಲಿ ಉಳಿಯುವುದು ಮಂಜು, ಸೂರ್ಯಾಸ್ತ, ಮತ್ತೆ ಮಂಜು. ಅದಕ್ಕೆ ಫೋಟೊ ಸಾಕಲ್ಲ!

ಹೊಸಬರಿಗೆ ನಾನು ಶರಾವತಿಯನ್ನು ತೋರಿಸುತ್ತೇನೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುವ ಹೊಳೆಯ ಉದ್ದ ಸುಮಾರು 128 ಕಿ.ಮೀ. ಅಷ್ಟರೊಳಗೇ ಘಟ್ಟ, ಹಿನ್ನೀರು, ಅಳಿವೆ ಎಲ್ಲ ಇವೆ. ಹಲಸೂರಿನಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದರೆ ರಾತ್ರಿಯ ತಾಳಗುಪ್ಪ ರೈಲು. ಮರಳಲು ಹೊನ್ನಾವರದಿಂದ ರೈಲುಂಟು. ನಡುವಿನದು ಬಸ್ಸಿನಲ್ಲಿ, ಕಿಟಕಿ ಪಕ್ಕ ಕೂತು.

253 ಮೀಟರ್ ಧುಮುಕುವ ಜೋಗವನ್ನು ಎರಡು ಸಾಲಿನಲ್ಲಿ ಮುಗಿಸಿ. ಅದರ ಬಗ್ಗೆ ಎಲ್ಲರೂ ಬರೆದಾಗಿದೆ. ಸರಕಿರುವುದು ಅದರ ಮೇಲೆ ಮತ್ತು ಕೆಳಗೆ. 1964ರ ಲಿಂಗನಮಕ್ಕಿ ಅಣೆಕಟ್ಟು ಊರುಗಳನ್ನು ಮುಳುಗಿಸಿ, ತುಮರಿ ಸೀಮೆಯವರನ್ನು ಹಿನ್ನೀರಿನಾಚೆ ಉಳಿಸಿತು. ಸಿಗಂದೂರಿಗೆ ಹೋಗುವ ಭಕ್ತರಿಗೂ ಸಾಗರದ ಆಸ್ಪತ್ರೆಗೆ ಬರುವ ಬಸುರಿಗೂ ಲಾಂಚೇ ಗತಿಯಾಗಿತ್ತು. ಬಸ್ಸು, ಕಾರುಗಳ ಸಂದಿಯಲ್ಲಿ ಜನ ನಿಂತು ದಾಟುತ್ತಿದ್ದರು. ಸಂಜೆಯ ಕೊನೆಯ ಲಾಂಚ್ ತಪ್ಪಿತೋ, ಸುತ್ತು ಹಾದಿ. 2025ರ ಜುಲೈನಲ್ಲಿ ಸುಮಾರು ಎರಡೂವರೆ ಕಿ.ಮೀ. ಸೇತುವೆ ತೆರೆಯಿತು. ತುಮರಿಯ ಚಹಾದಂಗಡಿಯಲ್ಲಿ ಕೂತು, ದಡದಲ್ಲಿ ಕಾದವರ ಕತೆ ಬರೆದುಕೊಳ್ಳಲು ಇದೇ ಹೊತ್ತು.

ಕೆಳಗೆ ಗೇರುಸೊಪ್ಪೆ. ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ. ಇಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದರು. ಘಟ್ಟದ ಮೆಣಸನ್ನು ಕಡಲಿಗೆ ಮುಟ್ಟಿಸಿದ್ದು ಈ ಸೀಮೆಯೇ.

ಗೊರೂರು ರಾಮಸ್ವಾಮಿ ಅಯ್ಯಂಗಾರರ ಪ್ರವಾಸ ಕಥನ ‘ಅಮೆರಿಕದಲ್ಲಿ ಗೊರೂರು’ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅದರ ರುಚಿಯೆಲ್ಲ ಅವರು ತಮ್ಮೂರನ್ನು ಜೊತೆಗೇ ಒಯ್ದದ್ದರಲ್ಲಿದೆ. ನೀವೂ ಮರ್ಫಿ ಟೌನಿನ ಮಾರ್ಕೆಟ್ಟನ್ನು ಒಯ್ಯಿರಿ. ತಮಿಳು, ಉರ್ದು, ಕನ್ನಡ ಬೆರೆಸಿ ಚೌಕಾಸಿ ಮಾಡಿ ಬೆಳೆದವರು ಹೊನ್ನಾವರದ ಮೀನುಪೇಟೆಯಲ್ಲಿ ಮೂಗು ಮುಚ್ಚಿಕೊಂಡು ಓಡುವುದಿಲ್ಲ. ಬಂಗುಡೆ ಎತ್ತಿ ಕಿವಿರು ಬಿಡಿಸಿ ನೋಡುತ್ತಾರೆ, ದರ ಕೇಳುತ್ತಾರೆ. ಆ ದರವನ್ನು ಅಲ್ಲೇ ಬರೆದುಕೊಳ್ಳಿ.

ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಬೇಸಿಗೆಯಲ್ಲಿ ಜೋಗ ಬರೀ ಬಂಡೆ. ಸೆಪ್ಟೆಂಬರಿನಲ್ಲಿ ಹೊರಡಿ.