ರೀಡ್‌ಬ್ಯಾಕ್ ಹೊರಲಾರದ ಭಾರ

2024ರ ಜನವರಿ 2ರ ಸಂಜೆ, ಟೋಕಿಯೊದ ಹನೇಡಾ ವಿಮಾನ ನಿಲ್ದಾಣ. ಹಿಂದಿನ ದಿನವಷ್ಟೇ ನೋಟೊ ಪ್ರದೇಶದಲ್ಲಿ ಭೂಕಂಪವಾಗಿತ್ತು. ಅಲ್ಲಿಗೆ ಪರಿಹಾರ ಸಾಮಗ್ರಿ ಒಯ್ಯಬೇಕಿದ್ದ ಜಪಾನ್ ಕೋಸ್ಟ್ ಗಾರ್ಡ್ ವಿಮಾನ ರನ್‌ವೇ ಕಡೆ ಸಾಗುತ್ತಿತ್ತು. ‘ನಂಬರ್ ಒನ್, ಹೋಲ್ಡಿಂಗ್ ಪಾಯಿಂಟ್ ಸಿ-5ಕ್ಕೆ ಹೋಗಿ’ ಎಂದಿತು ಟವರ್. ವಿಮಾನದಿಂದ ಅದೇ ಮಾತು ಸ್ವಲ್ಪವೂ ತಪ್ಪದೆ ಮರಳಿ ಬಂತು, ಕೊನೆಯಲ್ಲೊಂದು ‘ಥ್ಯಾಂಕ್ ಯೂ’ ಸಮೇತ. ಆದರೆ ವಿಮಾನ ಸಿ-5ರಲ್ಲಿ ನಿಲ್ಲಲಿಲ್ಲ. ನೇರವಾಗಿ ರನ್‌ವೇ ಮೇಲೆ ಹೋಗಿ ಸುಮಾರು 40 ಸೆಕೆಂಡು ನಿಂತಿತು. ಇಳಿಯಲು ಅನುಮತಿ ಪಡೆದಿದ್ದ ಜಪಾನ್ ಏರ್‌ಲೈನ್ಸ್‌ನ ಎ-350 ಹಿಂದಿನಿಂದ ಬಂದು ಅದಕ್ಕೆ ಅಪ್ಪಳಿಸಿತು. ಹೊತ್ತಿ ಉರಿಯುತ್ತಿದ್ದ ದೊಡ್ಡ ವಿಮಾನದಿಂದ 379 ಮಂದಿಯೂ ಜೀವಂತವಾಗಿ ಹೊರಬಂದರು. ಕೋಸ್ಟ್ ಗಾರ್ಡ್‌ನ ಆರು ಮಂದಿಯಲ್ಲಿ ಐವರು ಸತ್ತರು.

ಈ ಅಪಘಾತದಲ್ಲಿ ನನ್ನನ್ನು ಬಹಳ ಕಾಡುವುದು ಆ ಸರಿಯಾದ ಉತ್ತರ. ವಾಯುಯಾನದ ರೇಡಿಯೊ ಸುರಕ್ಷತೆ ನಿಂತಿರುವುದೇ ರೀಡ್‌ಬ್ಯಾಕ್ ಪದ್ಧತಿಯ ಮೇಲೆ. ಕಂಟ್ರೋಲರ್ ಹೇಳಿದ್ದನ್ನು ಪೈಲಟ್ ಮರಳಿ ಹೇಳಬೇಕು, ಕಂಟ್ರೋಲರ್ ಅದನ್ನು ಕಿವಿಗೊಟ್ಟು ಕೇಳಿ ತಪ್ಪಿದ್ದರೆ ತಿದ್ದಬೇಕು. ಎತ್ತರ, ರನ್‌ವೇ ಸಂಖ್ಯೆ, ಫ್ರೀಕ್ವೆನ್ಸಿ ಅದಲುಬದಲಾದಾಗ ಈ ಪದ್ಧತಿ ಪ್ರತಿದಿನವೂ ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಹಿಡಿಯುವುದು ಬಾಯಿಗೆ ಬಂದ ತಪ್ಪನ್ನು ಮಾತ್ರ. ಬಾಯಿ ಸರಿಯಾಗಿ ಹೇಳಿ ಮನಸ್ಸು ಬೇರೆಯದನ್ನೇ ನಂಬಿಕೊಂಡಾಗ ರೀಡ್‌ಬ್ಯಾಕ್‌ಗೆ ಸುಳಿವೇ ಸಿಗದು. ಹನೇಡಾದ ಕ್ಯಾಪ್ಟನ್ ತನಗೆ ರನ್‌ವೇ ಪ್ರವೇಶಿಸಲು ಅನುಮತಿ ಸಿಕ್ಕಿದೆ ಎಂದೇ ನಂಬಿದ್ದರು. ಇನ್ನು ಕಂಟ್ರೋಲರ್ ಕಡೆಯಿಂದ ನೋಡಿ: ಸರಿಯಾದ ಉತ್ತರ ಬಂದ ಮೇಲೆ ಆ ವಿಮಾನದ ಚಿಂತೆ ಬಿಟ್ಟು ಮುಂದಿನ ವಿಮಾನದತ್ತ ಗಮನ ಹರಿಸುವುದು ಸಹಜವೇ. ಕಾವಲಿಗೆಂದು ಇಟ್ಟ ಪದ್ಧತಿಯೇ ಇಲ್ಲಿ ನೆಮ್ಮದಿ ಕೊಟ್ಟು ಕಣ್ಣು ಬೇರೆಡೆ ತಿರುಗಿಸಿತು ಎಂಬುದು ನನ್ನ ತಕರಾರು.

ಇದರ ಹಳೆಯ ಉದಾಹರಣೆ ಎಲ್ಲರಿಗೂ ಗೊತ್ತಿರುವ ಟೆನೆರಿಫೆ. 1977ರ ಮಾರ್ಚ್ 27ರಂದು ಗ್ರಾನ್ ಕನೇರಿಯಾ ನಿಲ್ದಾಣದಲ್ಲಿ ಬಾಂಬ್ ಸಿಡಿದ ಕಾರಣ ವಿಮಾನಗಳನ್ನೆಲ್ಲ ಟೆನೆರಿಫೆಯ ಲಾಸ್ ರೋಡಿಯೋಸ್ ಎಂಬ ಸಣ್ಣ ನಿಲ್ದಾಣಕ್ಕೆ ತಿರುಗಿಸಲಾಗಿತ್ತು. ದಟ್ಟ ಮಂಜು, ಕೆಎಲ್‌ಎಂ ಮತ್ತು ಪ್ಯಾನ್ ಆಮ್ ಸಂಸ್ಥೆಗಳ ಎರಡು 747ಗಳು ಒಂದೇ ರನ್‌ವೇ ಮೇಲೆ, ಒಂದಕ್ಕೊಂದು ಕಾಣವು, ಟವರ್‌ಗೂ ಕಾಣವು. ಕೆಎಲ್‌ಎಂ ವಿಮಾನಕ್ಕೆ ಸಿಕ್ಕಿದ್ದು ಹಾರಿದ ಮೇಲೆ ಹಿಡಿಯಬೇಕಾದ ದಾರಿಯ ಅನುಮತಿ ಮಾತ್ರ, ಹಾರಲು ಅಲ್ಲ. ಕೋ-ಪೈಲಟ್ ಅದನ್ನು ರೀಡ್‌ಬ್ಯಾಕ್ ಮಾಡಿ, ಕೊನೆಗೆ ‘ವಿ ಆರ್ ನೌ ಅಟ್ ಟೇಕಾಫ್’ ಎಂದು ಸೇರಿಸಿದರು. ಟೇಕಾಫ್‌ಗೆ ತಯಾರಾಗಿ ನಿಂತಿದ್ದಾರೆ ಎಂದುಕೊಂಡ ಕಂಟ್ರೋಲರ್ ‘ಓಕೆ’ ಎಂದು ಒಂದು ಕ್ಷಣ ತಡೆದು, ‘ಟೇಕಾಫ್‌ಗೆ ಕಾಯಿರಿ, ನಾನು ಕರೆಯುತ್ತೇನೆ’ ಎಂದರು. ಅದೇ ಗಳಿಗೆಗೆ ಪ್ಯಾನ್ ಆಮ್ ಪೈಲಟ್ ತಾವಿನ್ನೂ ರನ್‌ವೇ ಮೇಲೇ ಇದ್ದೇವೆ ಎಂದು ಕೂಗಿದರು. ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ದನಿ. ಕೆಎಲ್‌ಎಂ ಕಾಕ್‌ಪಿಟ್‌ಗೆ ಸ್ಪಷ್ಟವಾಗಿ ತಲುಪಿದ್ದು ಆ ‘ಓಕೆ’ ಒಂದೇ. ಉಳಿದದ್ದು ಕೀರಲು ಸದ್ದು. ಎರಡರಲ್ಲಿ ಯಾವುದೊಂದು ಮಾತು ಸರಿಯಾಗಿ ಕೇಳಿಸಿದ್ದರೂ ಬ್ರೇಕ್ ಹಾಕಲು ಸಮಯವಿತ್ತು. ಎರಡೂ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು.

ಆ ಕೀರಲಿಗೆ ಕಾರಣವಾದ ತಂತ್ರಜ್ಞಾನ ಇಂದಿಗೂ ಬದಲಾಗಿಲ್ಲ. ವಿಮಾನಗಳ ವಿಎಚ್‌ಎಫ್ ರೇಡಿಯೊ ಈಗಲೂ ಎಎಂ ವಿಧಾನದ್ದು, ಒಬ್ಬರು ಗುಂಡಿ ಒತ್ತಿ ಮಾತನಾಡುವಾಗ ಉಳಿದವರು ಸುಮ್ಮನಿರಬೇಕಾದದ್ದು. ಇದಕ್ಕೊಂದು ಸಮರ್ಥನೆ ಇದೆ, ಅದು ಗಟ್ಟಿಯಾದದ್ದೇ: ಎಫ್‌ಎಂ ಆಗಿದ್ದರೆ ಬಲವಾದ ಸಿಗ್ನಲ್ ದುರ್ಬಲವಾದದ್ದನ್ನು ನುಂಗಿಹಾಕಿ, ಇನ್ನೊಬ್ಬರು ಮಾತನಾಡಿದ್ದೇ ತಿಳಿಯುತ್ತಿರಲಿಲ್ಲ. ಎಎಂನಲ್ಲಿ ಕೀರಲಾದರೂ ಕೇಳುತ್ತದೆ. ಆದರೆ ಏನೋ ತಪ್ಪಿಹೋಯಿತು ಎಂದು ಸದ್ದು ಹೇಳಬಲ್ಲದೇ ಹೊರತು, ತಪ್ಪಿಹೋದದ್ದೇನು ಎಂದಲ್ಲ. ಹೊರಡುವ ಆತುರದಲ್ಲಿದ್ದವರು ‘ಇನ್ನೊಮ್ಮೆ ಹೇಳಿ’ ಎಂದು ಕೇಳುವುದಿಲ್ಲ. ಕೆಎಲ್‌ಎಂನ ಫ್ಲೈಟ್ ಎಂಜಿನಿಯರ್ ‘ಆ ಪ್ಯಾನ್ ಆಮ್ ಇನ್ನೂ ರನ್‌ವೇ ಬಿಟ್ಟಿಲ್ಲವೇ?’ ಎಂದು ಕೇಳಿದ್ದರು ನಿಜ. ಬಿಟ್ಟಿದೆ ಎಂದು ಕ್ಯಾಪ್ಟನ್ ಖಚಿತವಾಗಿ ಹೇಳಿದ ಮೇಲೆ ಮಾತು ಮುಂದುವರಿಯಲಿಲ್ಲ. ಆ ಕ್ಯಾಪ್ಟನ್ ಸಂಸ್ಥೆಯಲ್ಲಿ 747 ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದ ಹಿರಿಯರು.

ಆಮೇಲೆ ಆದ ಸುಧಾರಣೆ ಏನು? ‘ಟೇಕಾಫ್’ ಎಂಬ ಪದವನ್ನು ಹಾರಲು ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸಬೇಕು, ಉಳಿದೆಡೆ ‘ಡಿಪಾರ್ಚರ್’ ಎನ್ನಬೇಕು ಎಂಬ ನಿಯಮ ಬಂತು. ಒಳ್ಳೆಯ ನಿಯಮ. ಕಿರಿಯರು ಹಿರಿಯರನ್ನು ಪ್ರಶ್ನಿಸುವ ಧೈರ್ಯ ಕಲಿಸುವ ತರಬೇತಿ ಬೆಳೆಯಿತು; ಅದು ಇನ್ನೂ ಒಳ್ಳೆಯದು. ಹನೇಡಾದ ನಂತರವೂ ಜಪಾನ್ ಪದಕ್ಕೆ ಕೈಹಾಕಿತು: ಹೊರಡುವ ಸರದಿಯಲ್ಲಿ ಮೊದಲನೆಯವರು ಎಂಬರ್ಥದ ‘ನಂಬರ್ ಒನ್’ ಹೇಳುವುದನ್ನು ಕೆಲಕಾಲ ನಿಲ್ಲಿಸಿದರು. ಈ ಬಗೆಯ ತಿದ್ದುಪಡಿಗಳನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಪ್ರತಿ ಅಪಘಾತದ ಬಳಿಕ ಒಂದು ಪದವನ್ನು ತೆಗೆದುಹಾಕುತ್ತ ಹೋದರೆ, ಮುಂದಿನ ಅಪಘಾತ ಇನ್ನೊಂದು ಪದದಲ್ಲಿ ಕಾದಿರುತ್ತದೆ.

ಮಿಲಾನಿನ ಲಿನಾಟೆ ನಿಲ್ದಾಣವನ್ನು ನೋಡಿ. 2001ರ ಅಕ್ಟೋಬರ್ 8, ಮತ್ತೆ ಮಂಜು. ಸಣ್ಣ ಸೆಸ್ನಾ ಜೆಟ್ ಹೋಗಬೇಕಿದ್ದ ದಾರಿ ಬಿಟ್ಟು ಬೇರೆ ಟ್ಯಾಕ್ಸಿವೇ ಹಿಡಿಯಿತು. ಅದರ ಪೈಲಟ್ ತಾನಿರುವ ಜಾಗವನ್ನು ನೆಲದ ಮೇಲೆ ಬರೆದಿದ್ದಂತೆಯೇ ‘ಎಸ್-4’ ಎಂದು ವರದಿ ಮಾಡಿದರು. ಆದರೆ ಅಂಥ ಗುರುತು ಅಲ್ಲಿದೆಯೆಂದೇ ಕಂಟ್ರೋಲರ್‌ಗೆ ತಿಳಿದಿರಲಿಲ್ಲ. ಹಳೆಯ ಗ್ರೌಂಡ್ ರಾಡಾರ್ ತೆಗೆದಾಗಿತ್ತು, ಹೊಸದು ಕೆಲಸ ಆರಂಭಿಸಿರಲಿಲ್ಲ. ರನ್‌ವೇ ಮೇಲೆ ಬಂದುಬಿಟ್ಟ ಆ ಜೆಟ್‌ಗೆ ಎಸ್‌ಎಎಸ್ ಸಂಸ್ಥೆಯ ವಿಮಾನ ಟೇಕಾಫ್ ವೇಗದಲ್ಲಿ ಬಂದು ಡಿಕ್ಕಿ ಹೊಡೆಯಿತು; ಸತ್ತವರು 118. ಇಲ್ಲಿ ಯಾವ ಪದ ಬದಲಿಸಿದ್ದರೆ ಏನಾಗುತ್ತಿತ್ತು?

ನಮ್ಮ ಬೆಂಗಳೂರಿನಲ್ಲೂ ಇಂಥದ್ದೊಂದು ನಡೆದುಹೋಗಿದೆ. 2022ರ ಜನವರಿಯಲ್ಲಿ ಕೆಂಪೇಗೌಡ ನಿಲ್ದಾಣದ ಎರಡು ಸಮಾನಾಂತರ ರನ್‌ವೇಗಳಿಂದ ಕೋಲ್ಕತಾ ಮತ್ತು ಭುವನೇಶ್ವರದ ವಿಮಾನಗಳು ಬಹುತೇಕ ಏಕಕಾಲಕ್ಕೆ ಮೇಲೇರಿ ಪರಸ್ಪರ ಹತ್ತಿರವಾದವು. ಒಂದೇ ರನ್‌ವೇ ಬಳಸುವ ನಿರ್ಧಾರ ಇನ್ನೊಂದು ಟವರ್‌ನಲ್ಲಿದ್ದ ಕಂಟ್ರೋಲರ್‌ಗೆ ತಲುಪಿರಲಿಲ್ಲ. ಪೈಲಟ್‌ಗಳು ತಮತಮಗೆ ಸಿಕ್ಕ ಅನುಮತಿಯಂತೆಯೇ ಹೊರಟಿದ್ದರು. ನೂರಾರು ಪ್ರಯಾಣಿಕರನ್ನು ಉಳಿಸಿದ್ದು ಪರದೆ ನೋಡುತ್ತಿದ್ದ ರಾಡಾರ್ ಕಂಟ್ರೋಲರ್. ಅವರು ಕೂಡಲೇ ಎರಡನ್ನೂ ಬೇರೆ ದಿಕ್ಕಿಗೆ ತಿರುಗಿಸಿದರು. ಕಿವಿ ತಪ್ಪಿದ್ದನ್ನು ಕಣ್ಣು ಹಿಡಿಯಿತು.

ಹಾಗೆಂದು ಕಣ್ಣನ್ನೂ ಪೂರ್ತಿ ನೆಚ್ಚುವಂತಿಲ್ಲ. ಹನೇಡಾದಲ್ಲಿ ರನ್‌ವೇ ಮೇಲೆ ವಿಮಾನವಿದೆ ಎಂಬ ಎಚ್ಚರಿಕೆ ಕಂಟ್ರೋಲರ್‌ನ ಪರದೆಯಲ್ಲಿ ಮೂಡಿತ್ತು, ಯಾರೂ ಗಮನಿಸಲಿಲ್ಲ. ಕೆಲವೇ ದಿನಗಳಲ್ಲಿ ಆ ಪರದೆಯನ್ನೇ ನೋಡುತ್ತಿರಲು ಒಬ್ಬರನ್ನು ನೇಮಿಸಿದರು. ತುರ್ತಿಗೆ ಅದು ಸರಿ, ಶಾಶ್ವತ ಪರಿಹಾರವಾಗಲಾರದು. ಎಚ್ಚರಿಕೆ ತಲುಪಬೇಕಾದದ್ದು ತಪ್ಪು ನಂಬಿಕೆ ಇಟ್ಟುಕೊಂಡು ಮುಂದೆ ಹೆಜ್ಜೆಯಿಡುವ ಪೈಲಟ್‌ಗೆ, ಮೂರನೆಯವರ ಬಾಯಿಯ ಮೂಲಕವಲ್ಲದೆ. ಅಮೆರಿಕದ ಕೆಲವು ದೊಡ್ಡ ನಿಲ್ದಾಣಗಳಲ್ಲಿ ಹೀಗೆ ಪೈಲಟ್‌ಗೇ ನೇರವಾಗಿ ಎಚ್ಚರಿಕೆ ಕೊಡುವ ದೀಪಗಳಿವೆ. ರನ್‌ವೇ ಮೇಲೆ ವಿಮಾನ ವೇಗವಾಗಿ ಬರುತ್ತಿದ್ದರೆ ಪ್ರವೇಶದ ಬಳಿ ತಾವಾಗಿಯೇ ಕೆಂಪಾಗುತ್ತವೆ, ಕಂಟ್ರೋಲರ್ ಅಪ್ಪಣೆಗೆ ಕಾಯುವುದಿಲ್ಲ. ಇನ್ನು ಕಂಟ್ರೋಲರ್ ಕೈಯಲ್ಲಿರುವ ಸ್ಟಾಪ್ ಬಾರ್ ಎಂಬ ಕೆಂಪು ದೀಪಸಾಲು ಎಷ್ಟೋ ಕಡೆ ಈಗಾಗಲೇ ಇದೆ, ಆದರೆ ಮಂಜು ಕವಿದಾಗ ಮಾತ್ರ ಬಳಸುವ ರೂಢಿ ವ್ಯಾಪಕ. ಹನೇಡಾದ ಆ ಸಂಜೆ ಮಂಜಿರಲಿಲ್ಲ, ಸಿ-5ರ ಸ್ಟಾಪ್ ಬಾರ್ ಕೆಲಸವನ್ನೂ ಮಾಡುತ್ತಿರಲಿಲ್ಲ. ಮಾಡುತ್ತಿದ್ದಿದ್ದರೂ ಆ ಹವಾಮಾನದಲ್ಲಿ ಉರಿಸುತ್ತಿರಲಿಲ್ಲ. ಮಂಜಿಲ್ಲದ ರಾತ್ರಿಯಲ್ಲೂ, ಹಗಲಿನಲ್ಲೂ, ಪ್ರತಿ ಪ್ರವೇಶದಲ್ಲೂ ಅದು ಉರಿಯಬೇಕು. ಅನುಮತಿ ಸಿಕ್ಕಿದೆ ಎಂದು ಎಷ್ಟೇ ಖಚಿತವಾಗಿ ನಂಬಿದ ಪೈಲಟ್ ಕೂಡ ಕೆಂಪು ಕಂಡರೆ ನಿಂತು ಟವರನ್ನು ಕೇಳಲೇಬೇಕಾಗುತ್ತದೆ.