ಭೀತಿ, ವೇಷ ಮತ್ತು ಪ್ರೇಕ್ಷಕ: ಘಟ್ಟದ ಮೇಲಿನ ರಂಗಪರಂಪರೆಯ ಬೆಳಕಿನಲ್ಲಿ 'ನಾ ನಿನ್ನ ಬಿಡಲಾರೆ'

ಕನ್ನಡ ಚಲನಚಿತ್ರ ವಿಮರ್ಶೆಯು 1970ರ ದಶಕವನ್ನು ಬಹುಮಟ್ಟಿಗೆ ಹೊಸ ಅಲೆಯ ದಶಕವೆಂದೇ ಗುರುತಿಸುತ್ತ ಬಂದಿದೆ. 'ಸಂಸ್ಕಾರ' (1970), 'ಕಾಡು' (1973), 'ಘಟಶ್ರಾದ್ಧ' (1977) ಚಿತ್ರಗಳಿಗೆ ಸಂದ ಗಂಭೀರ ಚರ್ಚೆ ಪತ್ತೇದಾರಿ, ಸಾಹಸ ಹಾಗೂ ಭೀತಿಪ್ರಧಾನ ಚಿತ್ರಗಳಿಗೆ ಸಲ್ಲಲಿಲ್ಲ. ಇವು ಕೇವಲ ರಂಜನೆಯ ಸರಕು ಎಂಬ ಪೂರ್ವಗ್ರಹ ಇದರ ಹಿಂದಿದೆ. ಭೀತಿಯನ್ನು ಕಲೆಯಾಗಿ ಕಾಣುವ ದೃಷ್ಟಿ ಈ ನೆಲಕ್ಕೆ ಹೊಸದಲ್ಲ ಎಂಬುದಕ್ಕೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ರಂಗಪರಂಪರೆಯೇ ಸಾಕ್ಷಿ.

ಶಿರಸಿಯಲ್ಲಿ ಹೋಳಿ ಹುಣ್ಣಿಮೆಯ ಮುಂಚಿನ ರಾತ್ರಿಗಳಲ್ಲಿ, ಎರಡು ವರ್ಷಕ್ಕೊಮ್ಮೆ, ಬೇಡರ ವೇಷ ಹೊರಡುತ್ತದೆ. ನವಿಲುಗರಿ, ದಪ್ಪ ಮೀಸೆ, ಕತ್ತಿ ಗುರಾಣಿಗಳ ಆ ಉಗ್ರರೂಪ ಜನರತ್ತ ನುಗ್ಗಿದಾಗ ಹಿಂದೆ ಹಗ್ಗ ಹಿಡಿದವರು ಅದನ್ನು ಜಗ್ಗಿ ನಿಲ್ಲಿಸುತ್ತಾರೆ. ಹಗ್ಗವಿರುವುದು ಎಲ್ಲರಿಗೂ ಗೊತ್ತು. ಆದರೂ ಜನ ಹಿಂದೆ ಸರಿಯುತ್ತಾರೆ. ಬಡಗುತಿಟ್ಟಿನ ಯಕ್ಷಗಾನವಂತೂ ಇನ್ನೊಂದು ಪಾಠವನ್ನು ಕಲಿಸಿದೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು (1933–2017) ಖ್ಯಾತಿಗೆ ತಂದ ಭಸ್ಮಾಸುರನ ಪಾತ್ರದಲ್ಲಿ ರಕ್ಕಸನು ಮೋಹಿನಿಯ ಭಂಗಿಗಳನ್ನು ಅನುಕರಿಸುತ್ತಲೇ ನಾಶವಾಗುತ್ತಾನೆ. ಗಂಡು ದೇಹದಲ್ಲಿ ಹೆಣ್ಣಿನ ಚಲನೆ ಮೂಡುವ ಆ ಗಳಿಗೆ ನಗೆ ಮತ್ತು ಭಯಗಳ ಸಂಧಿಸ್ಥಾನ.

ಕನ್ನಡ ತೆರೆಯ ಮೇಲೆ ರಹಸ್ಯದ ಪರಂಪರೆಯನ್ನು ನೆಲೆಗೊಳಿಸಿದವರು ದೊರೈ–ಭಗವಾನ್. 'ಜೇಡರ ಬಲೆ' (1968), 'ಗೋವಾದಲ್ಲಿ ಸಿ.ಐ.ಡಿ. 999' (1968), 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999' (1969) ಚಿತ್ರಗಳಲ್ಲಿ ರಾಜಕುಮಾರ್ ಪತ್ತೇದಾರರಾದರು. ಇಲ್ಲಿ ಅಪಾಯ ಹೊರಗಿನದು. ನಾಯಕ ಅದನ್ನು ಬೆನ್ನಟ್ಟಿ ಗೆಲ್ಲುತ್ತಾನೆ.

ವಿಜಯ್ ನಿರ್ದೇಶನದ 'ನಾ ನಿನ್ನ ಬಿಡಲಾರೆ' (1979) ಈ ಕ್ರಮವನ್ನೇ ತಿರುವುಮುರುವು ಮಾಡಿತು. ಅಪಾಯ ನಾಯಕನ ಒಳಗೇ ಹೊಕ್ಕಿತು. ನಾಸ್ತಿಕನಾದ ಕೃಷ್ಣನ ಮೈಮೇಲೆ ಹೆಣ್ಣೊಬ್ಬಳ ಪ್ರೇತ ಬರುತ್ತದೆ. 'ಸಂಕಲ್ಪ', 'ಹಂಸಗೀತೆ' ಚಿತ್ರಗಳ ಮೂಲಕ ಹೊಸ ಅಲೆಯ ನಟರೆಂದು ಹೆಸರಾಗಿದ್ದ ಅನಂತನಾಗ್ ಈ ಪಾತ್ರವನ್ನು ಮುಖವರ್ಣಿಕೆಗೆ ಬಿಟ್ಟುಕೊಡದೆ ನೋಟ ಮತ್ತು ಅಂಗಭಂಗಿಗಳಿಂದ ಕಟ್ಟಿದರು. ಭಸ್ಮಾಸುರನನ್ನು ಕಂಡ ಪ್ರೇಕ್ಷಕನ ಕಣ್ಣಿನಿಂದ ನೋಡಿದರೆ ಇದರ ಹಿರಿಮೆ ತಿಳಿಯುತ್ತದೆ: ಗಂಡು ಹೆಣ್ಣಾಗುವುದಿಲ್ಲ, ಎರಡರ ನಡುವೆ ಸಿಕ್ಕಿಬೀಳುತ್ತಾನೆ. ಭಯ ಹುಟ್ಟುವುದು ಆ ನಡುವಿನಲ್ಲಿ. 'ಗೋವಾದಲ್ಲಿ ಸಿ.ಐ.ಡಿ. 999' ಚಿತ್ರದಿಂದ ಕನ್ನಡಕ್ಕೆ ಬಂದಿದ್ದ ಲಕ್ಷ್ಮಿ ಇಲ್ಲಿ ಪತ್ನಿಯಾಗಿ ಹಗ್ಗ ಹಿಡಿದವರ ಸ್ಥಾನದಲ್ಲಿ ನಿಲ್ಲುತ್ತಾರೆ.

ಚಿತ್ರದ ಮಿತಿಯೂ ಇಲ್ಲಿಯೇ ಇದೆ. ಪರಿಹಾರವನ್ನು ಪೂರ್ತಿಯಾಗಿ ರಾಯರ ಮಹಿಮೆಗೆ ಒಪ್ಪಿಸಿದಾಗ ನಾಸ್ತಿಕನ ಸಂಶಯಕ್ಕೆ ಉತ್ತರ ದೊರೆಯುವುದಿಲ್ಲ, ಅದು ಮೌನವಾಗುತ್ತದೆ. ಬೇಡರ ವೇಷದಲ್ಲಿ ಹಗ್ಗ ಉಗ್ರತೆಯನ್ನು ತಡೆಯುತ್ತದೆಯೇ ಹೊರತು ಅಳಿಸುವುದಿಲ್ಲ. ಚಿತ್ರವಾದರೋ ಕೊನೆಗೆ ಅದನ್ನು ಅಳಿಸಿಬಿಡುತ್ತದೆ.

ಇಷ್ಟಾದರೂ ಅನಂತನಾಗ್ ಅವರ ಅಭಿನಯವನ್ನು 'ಹಂಸಗೀತೆ'ಯ ಒಂದು ಪಂಕ್ತಿಗೂ 'ನಾ ನಿನ್ನ ಬಿಡಲಾರೆ'ಯ ಇನ್ನೊಂದು ಪಂಕ್ತಿಗೂ ಹಂಚುವುದು ಸರಿಯಲ್ಲ. ರಾತ್ರಿಯಿಡೀ ಕುಳಿತು ವೇಷ ನೋಡಿದ ಸಮುದಾಯ ಇಂಥ ಭೇದವನ್ನು ಮಾಡಲಿಲ್ಲ. ಪಾತ್ರ ತುಂಬಿತೇ ಎಂದಷ್ಟೇ ಕೇಳಿತು. ಕನ್ನಡ ಚಿತ್ರವಿಮರ್ಶೆಯು ಆ ಅಳತೆಗೋಲನ್ನು ಕೈಗೆತ್ತಿಕೊಂಡರೆ ಅದರ ಚರಿತ್ರೆ ಇನ್ನಷ್ಟು ಪೂರ್ಣವಾದೀತು.